ದುಡಿಯುತ್ತಾ ಓದು, ಓದುತ್ತಾ ದುಡಿಮೆ



ಪಿಯುಸಿ ಫಲಿತಾಂಶ ಬಂದ ದಿನ ಎಷ್ಟೋ ಮನೆಗಳಲ್ಲಿ ಈ ಮಾತು ನಡೆಯುತ್ತದೆ.

"ಅವ್ವಾ, ನಾನು ಇನ್ನೂ ಓದ್ತೀನಿ."

"ಓದು ಮಗಳೇ, ಬೇಡ ಅಂದೋರು ಯಾರು? ಆದ್ರೆ ದುಡ್ಡು ಎಲ್ಲಿಂದ ತರೋದು? ನಿನ್ನ ಹಿಂದೆ ಇನ್ನೂ ಇಬ್ಬರು ಇದಾರೆ."

"ಹಾಗಾದ್ರೆ ಕೆಲಸಕ್ಕೆ ಹೋಗ್ಲಾ?"

ತಾಯಿ ಸುಮ್ಮನಾಗುತ್ತಾಳೆ. ಓದಿಸಿದರೆ ಮನೆ ನಡೆಸುವುದು ಕಷ್ಟ. ಕೆಲಸಕ್ಕೆ ಕಳಿಸಿದರೆ ಓದು ಅಲ್ಲಿಗೇ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂದು ನಾವೆಲ್ಲ ತಿಳಿದಿದ್ದೇವೆ.

ಎರಡನ್ನೂ ಜೊತೆಗೆ ನಡೆಸುವ ದಾರಿಯೂ ಒಂದಿದೆ. ಅದರ ಹೆಸರು ಅಪ್ರೆಂಟಿಸ್‌ಷಿಪ್. ಕೆಲಸದ ಜಾಗದಲ್ಲೇ ಕೆಲಸ ಕಲಿಯುವುದು ಎಂದು ಇದರ ಅರ್ಥ. ಹೀಗೆ ಕಲಿಯುತ್ತಾ ಪದವಿಯನ್ನೂ ಪಡೆಯಬಹುದು. ಅದು ಹೇಗೆ? ಅದರಲ್ಲಿ ನಾವು ಎಚ್ಚರದಿಂದ ನೋಡಬೇಕಾದ್ದು ಏನು? ಬನ್ನಿ, ತಿಳಿಯೋಣ.

ಇದು ಹೊಸದೇನಲ್ಲ

ನೇಯುವವರ ಮನೆಯ ಮಗು ಮಗ್ಗದ ಪಕ್ಕ ಕುಳಿತೇ ನೇಯ್ಗೆ ಕಲಿಯುತ್ತದೆ. ಟೈಲರ್ ಅಂಗಡಿಗೆ ಸೇರಿದ ಹುಡುಗಿ ಮೊದಲು ಗುಂಡಿ ಹಚ್ಚುತ್ತಾಳೆ. ಆಮೇಲೆ ಅಂಚು ಹೊಲಿಯುತ್ತಾಳೆ. ಕೊನೆಗೆ ಕತ್ತರಿ ಹಿಡಿಯುತ್ತಾಳೆ. ಇವರೆಲ್ಲ ಕೈಕೆಲಸವನ್ನು ಮಾಡುತ್ತಾ ಮಾಡುತ್ತಾ ಕಲಿತವರು.

ಆದರೆ ಅವರ ಹತ್ತಿರ ಕಾಗದ ಇಲ್ಲ. "ನಾನು ಕಲಿತಿದ್ದೇನೆ" ಅಂದರೆ ಊರಿನವರು ಒಪ್ಪುತ್ತಾರೆ. ಬೇರೆ ಊರಿನ ಕಚೇರಿಯವರು ಒಪ್ಪುವುದಿಲ್ಲ. ಕೈಕೆಲಸದ ಜೊತೆಗೆ ಪದವಿ ಪತ್ರವೂ ಸಿಗುವಂತೆ ಮಾಡಿದ್ದೇ ಈಗಿನ ಹೊಸ ವಿಷಯ.

ಡಿಜಿಟಲ್ ಡಿಸೈನ್ ಎಂದರೇನು?

ಒಂದು ಕಸುಬನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಡಿಜಿಟಲ್ ಡಿಸೈನ್.

ನಿಮ್ಮ ಮನೆಯ ಮೊಬೈಲನ್ನು ಕೈಗೆ ತೆಗೆದುಕೊಳ್ಳಿ. ಪರದೆಯ ಮೇಲೆ ಚಿಕ್ಕ ಚಿಕ್ಕ ಚಿತ್ರಗಳಿವೆ. ಹಣ ಕಳಿಸಲು ಒಂದು ಗುಂಡಿ ಇದೆ. ಕಳಿಸಿದ ಮೇಲೆ ಒಂದು ಗುರುತು ಬರುತ್ತದೆ. ಆ ಗುಂಡಿ ಎಲ್ಲಿರಬೇಕು? ಅದರ ಬಣ್ಣ ಯಾವುದು? ಅಕ್ಷರ ಎಷ್ಟು ದಪ್ಪ ಇರಬೇಕು? ಇದನ್ನೆಲ್ಲ ಯಾರೋ ಕುಳಿತು ಯೋಚಿಸಿ ಮಾಡಿದ್ದಾರೆ. ಅವರೇ ಡಿಸೈನರ್.

ರಂಗೋಲಿ ಹಾಕುವಾಗ ನಾವು ಮೊದಲು ಚುಕ್ಕೆ ಇಡುತ್ತೇವೆ. ಚುಕ್ಕೆ ತಪ್ಪಿದರೆ ಎಳೆ ತಪ್ಪುತ್ತದೆ. ಅವರ ಕೆಲಸವೂ ಹಾಗೆಯೇ. ಆದರೆ ರಂಗೋಲಿ ತಪ್ಪಿದರೆ ಅಳಿಸಿ ಮತ್ತೆ ಹಾಕಬಹುದು. ಇಲ್ಲಿ ತಪ್ಪಾದರೆ ಜನರಿಗೆ ನಷ್ಟ. "ಹಣ ಕಳಿಸು" ಮತ್ತು "ಹಣ ಕೇಳು" ಎಂಬ ಎರಡು ಗುಂಡಿಗಳು ಅಕ್ಕಪಕ್ಕ ಇವೆ ಎಂದುಕೊಳ್ಳಿ. ಎರಡಕ್ಕೂ ಒಂದೇ ಬಣ್ಣ. ಅಕ್ಷರವೋ ತೀರಾ ಸಣ್ಣದು. ಈಗತಾನೇ ಓದು ಕಲಿತ ಒಬ್ಬ ಅಕ್ಕ ಗಾಬರಿಯಲ್ಲಿ ಯಾವುದನ್ನು ಒತ್ತುತ್ತಾಳೆ? ತಪ್ಪು ಒತ್ತಿದರೆ ಅದು ಅವಳ ದಡ್ಡತನವಲ್ಲ. ಗುಂಡಿ ಮಾಡಿದವರ ತಪ್ಪು.

ಒಳ್ಳೆಯ ಡಿಸೈನರ್ ಏನು ಮಾಡುತ್ತಾರೆ? ಬಳಸುವ ಜನರ ಪಕ್ಕದಲ್ಲಿ ಕೂರುತ್ತಾರೆ. ಅವರ ಬೆರಳು ಎಲ್ಲಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ನೋಡುತ್ತಾರೆ. ಅದನ್ನು ಬರೆದುಕೊಳ್ಳುತ್ತಾರೆ. ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಮತ್ತೆ ಜನರ ಕೈಗೆ ಕೊಟ್ಟು ನೋಡುತ್ತಾರೆ. ಸರಿ ಬರುವ ತನಕ ತಿದ್ದುತ್ತಾರೆ.

ಈ ಕಸುಬು ಬರೀ ಪುಸ್ತಕ ಓದಿದರೆ ಬರುವುದಿಲ್ಲ. ಜನರ ನಡುವೆ ಇದ್ದೇ ಕಲಿಯಬೇಕು. ಅದಕ್ಕೇ ಇದಕ್ಕೆ ಅಪ್ರೆಂಟಿಸ್ ದಾರಿ ಚೆನ್ನಾಗಿ ಒಗ್ಗುತ್ತದೆ.

ಇಂಗ್ಲೆಂಡಿನಲ್ಲಿ ಹೇಗಿದೆ?

ಇಂಗ್ಲೆಂಡ್ ದೇಶದಲ್ಲಿ ಅಪ್ರೆಂಟಿಸ್ ಪದ್ಧತಿ ಬಹಳ ಹಳೆಯದು. 1563ರಲ್ಲೇ ಅಲ್ಲಿ ಇದಕ್ಕೆ ಕಾನೂನು ಬಂದಿತ್ತು. ಕಸುಬು ಕಲಿಯಲು ಕನಿಷ್ಠ ಏಳು ವರ್ಷ ಒಬ್ಬ ಯಜಮಾನನ ಹತ್ತಿರ ಇರಬೇಕು ಎಂದು ಆ ಕಾನೂನು ಹೇಳಿತ್ತು.

2015ರಲ್ಲಿ ಅಲ್ಲಿ ಪದವಿ ಅಪ್ರೆಂಟಿಸ್‌ಷಿಪ್ ಶುರುವಾಯಿತು. ನರ್ಸ್ ಕೆಲಸ, ಇಂಜಿನಿಯರ್ ಕೆಲಸ ಹೀಗೆ ಕಲಿಯಬಹುದಾದ ಪಟ್ಟಿಯಲ್ಲಿ ಸೇರಿದವು. ಡಿಜಿಟಲ್ ಡಿಸೈನ್ ಕೂಡ ಸೇರಿತು.

ಅದು ನಡೆಯುವುದು ಹೀಗೆ. ಹುಡುಗಿ ಮೊದಲು ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಮೊದಲ ದಿನದಿಂದಲೇ ಅವಳಿಗೆ ಸಂಬಳ. ವಾರದಲ್ಲಿ ಸುಮಾರು ನಾಲ್ಕು ದಿನ ಕೆಲಸ. ಸುಮಾರು ಒಂದು ದಿನದಷ್ಟು ಹೊತ್ತು ವಿಶ್ವವಿದ್ಯಾಲಯದ ಪಾಠ. ಈ ಪಾಠದ ಹೊತ್ತು ಅವಳ ಕೆಲಸದ ಹೊತ್ತಿನಲ್ಲೇ ಸೇರಿರುತ್ತದೆ. ಆ ದಿನದ ಸಂಬಳ ಕಡಿಯುವುದಿಲ್ಲ.

ಕಂಪನಿಯಲ್ಲಿ ಅನುಭವ ಇರುವ ಒಬ್ಬರು ಅವಳಿಗೆ ಕೈಹಿಡಿದು ಕಲಿಸುತ್ತಾರೆ. ಪಾಠದಲ್ಲಿ ಕಲಿತದ್ದನ್ನು ಮರುದಿನ ಕೆಲಸದಲ್ಲಿ ಮಾಡಿ ನೋಡುತ್ತಾಳೆ. ಕೆಲಸದಲ್ಲಿ ತೊಡಕಾದದ್ದನ್ನು ಪಾಠದಲ್ಲಿ ಕೇಳುತ್ತಾಳೆ. ಹೀಗೆ ಮೂರರಿಂದ ಆರು ವರ್ಷ ನಡೆಯುತ್ತದೆ. ಕೊನೆಗೆ ತಾನು ಮಾಡಿದ ಕೆಲಸವನ್ನು ಪರೀಕ್ಷಕರ ಮುಂದೆ ತೋರಿಸಬೇಕು. ಗೆದ್ದರೆ ಪದವಿ. ಇದು ಕಾಲೇಜಿನಲ್ಲೇ ಕುಳಿತು ಓದಿದವರಿಗೆ ಸಿಗುವ ಪದವಿಗಿಂತ ಕಡಿಮೆಯದಲ್ಲ.

ಶುಲ್ಕ ಯಾರು ಕೊಡುತ್ತಾರೆ? ಕಂಪನಿ ಮತ್ತು ಸರ್ಕಾರ ಕೊಡುತ್ತವೆ. ಕಲಿಯುವವರಿಂದ ಒಂದು ಕಾಸೂ ತೆಗೆದುಕೊಳ್ಳುವಂತಿಲ್ಲ. ಇದಕ್ಕೆ ಹಣ ಕೂಡಿಸಲು 2017ರಲ್ಲಿ ಒಂದು ನಿಯಮ ಬಂತು. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಹಂಚುವ ದೊಡ್ಡ ಮಾಲೀಕರು ತೆರಿಗೆ ಕೊಡಬೇಕು. ಆ ಮಿತಿಯ ಮೇಲಿನ ನೂರು ಪೌಂಡ್ ಸಂಬಳಕ್ಕೆ ಅರ್ಧ ಪೌಂಡ್ ತೆರಿಗೆ. ಪೌಂಡ್ ಎಂದರೆ ಅಲ್ಲಿನ ಹಣ.

ಇದರಿಂದ ಎಷ್ಟು ಉಳಿತಾಯ ನೋಡಿ. ಅಲ್ಲಿ 2025ರಲ್ಲಿ ಪದವಿ ಓದಿನ ಶುಲ್ಕ ವರ್ಷಕ್ಕೆ 9,535 ಪೌಂಡ್ ತನಕ ಇತ್ತು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಹೆಚ್ಚು! ಅಲ್ಲಿನ ಬಹಳ ಮಕ್ಕಳು ಸಾಲ ಮಾಡಿ ಓದುತ್ತಾರೆ. ಅಪ್ರೆಂಟಿಸ್ ಹುಡುಗಿಗೆ ಆ ಸಾಲ ಇಲ್ಲ.

ಹಾಗೆಂದು ಇದು ಹೂವಿನ ಹಾಸಿಗೆಯಲ್ಲ. ಜಾಗ ಕಡಿಮೆ, ಕೇಳುವವರು ಬಹಳ. ದಿನವಿಡೀ ದುಡಿದು ರಾತ್ರಿ ಬರೆಯುವ ಕೆಲಸವೂ ಇರುತ್ತದೆ. ಕಂಪನಿ ಕೆಲಸದಿಂದ ತೆಗೆದರೆ ಓದಿಗೂ ಕುತ್ತು.

ಇನ್ನೊಂದು ಮಾತು. ಇದು ಅಲ್ಲಿ ನೆಲೆಸಿ ದುಡಿಯುವ ಹಕ್ಕು ಇರುವವರಿಗೆ ಮಾತ್ರ. "ನಿಮ್ಮ ಮಗಳನ್ನು ಅಪ್ರೆಂಟಿಸ್ ಅಂತ ಲಂಡನ್‌ಗೆ ಕಳಿಸ್ತೀವಿ, ಇಷ್ಟು ಲಕ್ಷ ಕೊಡಿ" ಎಂದು ಯಾರಾದರೂ ಬಂದರೆ ನಂಬಬೇಡಿ.

ನಮ್ಮ ದೇಶದಲ್ಲಿ ಹೇಗಿದೆ?

ನಮ್ಮಲ್ಲೂ ಕಾನೂನು ಇದೆ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಮೊದಲು ಅದು ಕಾರ್ಖಾನೆಯ ಕಸುಬುಗಳಿಗೆ ಇತ್ತು. ಫಿಟ್ಟರ್, ಟರ್ನರ್ ಕೆಲಸ ಕಲಿಯುವ ಐಟಿಐ ಮಕ್ಕಳನ್ನು ನೀವು ನೋಡಿರಬಹುದು. 1973ರಲ್ಲಿ ಇಂಜಿನಿಯರಿಂಗ್ ಓದಿದವರನ್ನೂ ಸೇರಿಸಿದರು. 2014ರಲ್ಲಿ ಬೇರೆ ಪದವಿ ಓದಿದವರಿಗೂ ಬಾಗಿಲು ತೆರೆಯಿತು.

2020ರಲ್ಲಿ ಯುಜಿಸಿ ಇನ್ನೊಂದು ಹೆಜ್ಜೆ ಇಟ್ಟಿತು. ಯುಜಿಸಿ ಎಂದರೆ ದೇಶದ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಆಯೋಗ. ಪದವಿ ಓದಿನ ಒಳಗೇ ಅಪ್ರೆಂಟಿಸ್ ಕೆಲಸವನ್ನು ಸೇರಿಸಬಹುದು ಎಂದು ಅದು ಹೇಳಿತು. ಕನಿಷ್ಠ ಒಂದು ಸೆಮಿಸ್ಟರ್, ಅಂದರೆ ಸುಮಾರು ಆರು ತಿಂಗಳು, ಕೆಲಸದ ಜಾಗದಲ್ಲಿ ಕಲಿಯಬೇಕು. ಅದಕ್ಕೂ ಅಂಕ ಉಂಟು.

ಆದರೆ ನಮ್ಮದಕ್ಕೂ ಇಂಗ್ಲೆಂಡಿನದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಹುಡುಗಿ ಮೊದಲ ದಿನದಿಂದ ಕೊನೆಯ ದಿನದ ತನಕ ಕಂಪನಿಯ ನೌಕರಳು. ನಮ್ಮಲ್ಲಿ ಅವಳು ಕಲಿಯುವವಳು. ಅವಳಿಗೆ ಕೊಡುವುದು ಸಂಬಳವಲ್ಲ, ಶಿಷ್ಯವೇತನ. ಅದೂ ಅಪ್ರೆಂಟಿಸ್ ಆಗಿರುವ ತಿಂಗಳುಗಳಿಗೆ ಮಾತ್ರ. ಕಾಲೇಜಿನ ಶುಲ್ಕವನ್ನು ಕಂಪನಿಯೇ ಕೊಡಬೇಕು ಎಂಬ ನಿಯಮವೂ ನಮ್ಮಲ್ಲಿಲ್ಲ.

ಶಿಷ್ಯವೇತನ ಎಷ್ಟು? 2019ರ ನಿಯಮದಲ್ಲಿ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಇಟ್ಟರು. ಈ ಮೊತ್ತವನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಸೇರುವ ದಿನ ಎಷ್ಟಿದೆ ಎಂದು ಕೇಳಿ ತಿಳಿಯಬೇಕು.

ಮಗಳು ಡಿಸೈನ್ ಕಲಿಯಬೇಕು ಅಂದರೆ ಬಿ.ಡಿಸೈನ್, ಬಿ.ವೊಕ್., ಬಿ.ಸಿ.ಎ. ಮುಂತಾದ ಪದವಿಗಳಿವೆ. ಎಲ್ಲ ಕಾಲೇಜಿನಲ್ಲೂ ಅಪ್ರೆಂಟಿಸ್ ಭಾಗ ಇರುವುದಿಲ್ಲ. ಸೇರುವ ಮುಂಚೆಯೇ ಕೇಳಬೇಕು. ಅವಳು ಮಾಡಿದ ಚಿತ್ರಗಳನ್ನೂ ಕೆಲಸಗಳನ್ನೂ ಒಂದು ಕಡೆ ಜೋಡಿಸಿ ಇಟ್ಟುಕೊಳ್ಳಲಿ. ಈ ಕಸುಬಿನಲ್ಲಿ ಅಂಕಪಟ್ಟಿಯ ಜೊತೆಗೆ ಅದನ್ನೂ ನೋಡುತ್ತಾರೆ.

ಸಹಿ ಹಾಕುವ ಮುಂಚೆ

ಅಪ್ರೆಂಟಿಸ್ ಆಗಲು ಒಂದು ಕರಾರು ಪತ್ರ ಬೇಕೇ ಬೇಕು. ಬರೀ ಬಾಯಿಮಾತು ಸಾಲದು. ಆ ಪತ್ರ ಸರ್ಕಾರದಲ್ಲಿ ನೋಂದಣಿ ಆಗಬೇಕು. ಅದನ್ನು ಮನೆಗೆ ತಂದು ಓದೋಣ. ನಿಧಾನ ಆದರೂ ಪರವಾಗಿಲ್ಲ. ಈ ಐದು ವಿಷಯ ಹುಡುಕೋಣ.

1. ತಿಂಗಳಿಗೆ ಎಷ್ಟು ಹಣ ಎಂದು ಬರೆದಿದೆಯೇ? ಬೀಡಿ ಕಟ್ಟುವಾಗ ಸಾವಿರಕ್ಕೆ ಇಷ್ಟು ಎಂದು ಕೂಲಿ ಕೊಡುತ್ತಾರಲ್ಲ, ಹಾಗೆ ಅಪ್ರೆಂಟಿಸ್‌ಗೆ ಕೊಡುವಂತಿಲ್ಲ. ಕಾಯಿದೆ ಅದನ್ನು ತಡೆಯುತ್ತದೆ.

2. ಎಷ್ಟು ತಿಂಗಳು? ದಿನಕ್ಕೆ ಎಷ್ಟು ಗಂಟೆ?

3. ಏನು ಕಲಿಸುತ್ತಾರೆ? ಡಿಸೈನ್ ಕಲಿಸುತ್ತೇವೆ ಎಂದು ಹೇಳಿ ಬರೀ ಟೈಪ್ ಮಾಡಿಸಿದರೆ, ಚಹಾ ತರಿಸಿದರೆ, ಅದು ಕಲಿಕೆಯಲ್ಲ.

4. ಈ ಕೆಲಸಕ್ಕೆ ಪದವಿಯಲ್ಲಿ ಅಂಕ ಉಂಟೇ? ಇದನ್ನು ಕಾಲೇಜಿನವರು ಬರೆದು ಕೊಡಲಿ.

5. ಕಲಿತ ಮೇಲೆ ಕೆಲಸ ಕೊಡುತ್ತಾರೆಯೇ? ಕೊಡಲೇಬೇಕು ಎಂದು ಕಾಯಿದೆ ಹೇಳುವುದಿಲ್ಲ. ಕೊಡುತ್ತೇವೆ ಎಂದು ಬಾಯಲ್ಲಿ ಹೇಳಿದರೆ, ಪತ್ರದಲ್ಲಿ ಬರೆಯಿರಿ ಎಂದು ಕೇಳೋಣ.

ಇನ್ನು ಕೊನೆಯ ಮಾತು. ಮಗಳಿಗೆ ವಯಸ್ಸು ತುಂಬಿಲ್ಲದಿದ್ದರೆ ಅವಳ ಸಹಿ ನಡೆಯುವುದಿಲ್ಲ. ಅವಳ ಪರವಾಗಿ ಪೋಷಕರು ಕರಾರು ಮಾಡಬೇಕು ಎಂದು 1961ರ ಕಾಯಿದೆಯೇ ಹೇಳಿದೆ. ಅಂದರೆ ಆ ಸಹಿ ನಿಮ್ಮದೂ ಆಗಬಹುದು.

ಮೊದಲು ನಾವು ಕೊಟ್ಟ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದೆವು. ಅದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಈಗ ಓದಲು ಬರುತ್ತದೆ. ಗೊತ್ತಾಗದ ಮಾತು ಬಂದರೆ ಕೇಳಲು ಬಾಯಿ ಇದೆ. ಪೂರ್ತಿ ಓದಿ, ಪೂರ್ತಿ ತಿಳಿದು, ಆಮೇಲೆ ಸಹಿ ಹಾಕೋಣ.

ಕೂಡಿ ಮಾತಾಡೋಣ

ನಿಮ್ಮ ಕೈಗೆ ಬಂದ ಕೆಲಸವನ್ನು ನೀವು ಯಾರಿಂದ ಕಲಿತಿರಿ?

ಮೊಬೈಲಿನಲ್ಲಿ ನಿಮಗೆ ಯಾವ ಗುಂಡಿ ಗೊಂದಲ ಮಾಡುತ್ತದೆ? ಅದನ್ನು ಹೇಗೆ ಬದಲಿಸಿದರೆ ಚೆನ್ನ?

ನಿಮ್ಮ ಹತ್ತಿರದ ಕಾಲೇಜಿನಲ್ಲಿ ಅಪ್ರೆಂಟಿಸ್ ಇರುವ ಪದವಿ ಇದೆಯೇ? ನಾಲ್ಕು ಜನ ಕೂಡಿ ಹೋಗಿ ಕೇಳಿ ಬನ್ನಿ.