ಬೋರ್ಡಿನಲ್ಲಿ 'ಡಾ.' ಇದ್ದರೆ ಸಾಕೇ?

ಗಬ್ಬೂರ ಬೈಪಾಸ್ ಹತ್ತಿರ ಬೇಕರಿ ಇಟ್ಟಿರುವ ನಮ್ಮ ಕರಾವಳಿ ಕಡೆಯ ಕುಟುಂಬವೊಂದಿದೆ. ಹೆಸರು ಬೇಡ. ಮಗಳು ಎರಡನೇ ಪಿಯುಸಿ. ಪರೀಕ್ಷೆ ಹತ್ತಿರ ಬಂದಂತೆ ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಸಣ್ಣ ಮಾತಿಗೂ ಅಳು. ಪಕ್ಕದ ಮನೆಯವರು "ಅಕ್ಕಾರ, ಧಾರವಾಡ ಆಸ್ಪತ್ರಿಗೆ ತೋರಿಸ್ರಿ" ಅಂದರು. ಉಮ್ಮನ ಎದೆ ಧಸಕ್ಕೆಂದಿತು. "ನಾಳೆ ಮದುವೆ ಆಗ್ಬೇಕಾದ ಹುಡುಗಿ, ಆ ಆಸ್ಪತ್ರೆಗೆ ಹೇಗೆ ಕರ್ಕೊಂಡು ಹೋಗುದು ಮಾರಾಯ್ರೆ?"

ಹಾಗಾಗಿ ಯಾರಿಗೂ ಗೊತ್ತಾಗದಂತೆ ಒಬ್ಬ ಕೌನ್ಸೆಲರ್ ಬಳಿ ಹೋದರು. ಬೋರ್ಡಿನಲ್ಲಿ 'ಡಾ.' ಎಂದಿತ್ತು. ಎರಡನೇ ಭೇಟಿಯಲ್ಲಿ ಅವರು ಕೈಯಲ್ಲೇ ಒಂದು ಪಟ್ಟಿ ಮಾತ್ರೆ ಕೊಟ್ಟರು. ಹುಡುಗಿ ಹಗಲಿಡೀ ತೂಕಡಿಸತೊಡಗಿದಳು. ಮುಂದಿನ ಸಲ ಚೀಟಿ ಬರೆದುಕೊಟ್ಟಾಗ ಮೆಡಿಕಲ್ ಶಾಪಿನ ಹುಡುಗ ಅದನ್ನು ತಿರುಗಿಸಿ ನೋಡಿ, "ಇದರಾಗ ಡಾಕ್ಟರ್ ನಂಬರೇ ಇಲ್ಲಲ್ರಿ ಕಾಕಾ" ಅಂದ. ಆ 'ಡಾ.' ಪಿಎಚ್‌ಡಿಯದ್ದು, ವೈದ್ಯರದ್ದಲ್ಲ ಅಂತ ಗೊತ್ತಾದದ್ದು ಆಮೇಲೆ.

ಈ ಗೊಂದಲ ಒಂದು ಮನೆಯದ್ದಲ್ಲ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗ ಚಿಕಿತ್ಸೆ ಕಲಿತ ವೈದ್ಯರು. ಅವರು ಔಷಧಿ ಬರೆಯಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಬುದ್ಧಿಮಟ್ಟ, ವ್ಯಕ್ತಿತ್ವದ ಪರೀಕ್ಷೆ ಮಾಡುತ್ತಾರೆ. ಎಷ್ಟೇ ಓದಿರಲಿ, ಮಾತ್ರೆ ಬರೆಯುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 106ನೇ ಕಲಂ ಇದನ್ನೇ ಹೇಳುತ್ತದೆ: ತನ್ನ ವೃತ್ತಿಗೆ ಅನುಮತಿ ಇಲ್ಲದ ಔಷಧಿಯನ್ನಾಗಲೀ ಚಿಕಿತ್ಸೆಯನ್ನಾಗಲೀ ಯಾರೂ ಸೂಚಿಸಬಾರದು. ತಪ್ಪಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬರೀ ಎಂಎ ಸೈಕಾಲಜಿ ಆದವರೆಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಅದರ ಮೇಲೆ ಎರಡು ವರ್ಷದ ಎಂಫಿಲ್ ತರಬೇತಿ, ಅಥವಾ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಬೇರೆ ಕೋರ್ಸ್ ಆಗಿರಬೇಕು. ಜತೆಗೆ ಆರ್‌ಸಿಐ ನೋಂದಣಿ ಬೇಕು. ನೋಂದಣಿ ಇಲ್ಲದೆ ಕೆಲಸ ಮಾಡಿದರೆ 1992ರ ಕಾಯ್ದೆಯಂತೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಒಂದೇ ಸಿಟ್ಟಿಂಗ್‌ಗೆ ಅಷ್ಟು ವಸೂಲಿ ಮಾಡುವವರಿಗೆ ಆ ದಂಡ ಯಾವ ಲೆಕ್ಕ? ಉಳಿದ ಸೈಕಾಲಜಿಸ್ಟರನ್ನು ರಿಜಿಸ್ಟರಿಗೆ ತರಲು 2021ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. ಆದರೆ ಬಾಗಿಲಿಗೆ ಬೋರ್ಡ್ ತೂಗಿಸುವುದು ಈಗಲೂ ಸುಲಭವೇ.

ಹಾಗಂತ ಕೌನ್ಸೆಲರುಗಳೆಲ್ಲ ಮೋಸಗಾರರಲ್ಲ. ಕಾಲೇಜಿನಲ್ಲಿ ಮಕ್ಕಳ ಮಾತು ತಾಳ್ಮೆಯಿಂದ ಕೇಳುವ, "ಇದು ನನ್ನ ಕೈಲಿ ಆಗುವುದಲ್ಲ, ಡಾಕ್ಟರಿಗೆ ತೋರಿಸಿ" ಅಂತ ಕಳಿಸುವ ಒಳ್ಳೆಯವರೂ ಇದ್ದಾರೆ. ಆ ಒಂದು ಮಾತು ಹೇಳದವರ ಬಗ್ಗೆಯೇ ಭಯ. ನಮ್ಮವರಿಗೆ ನಂಬರ್ ಕೇಳಲು ನಾಚಿಕೆ. ಸ್ಕೂಟರ್ ಕೊಳ್ಳುವಾಗ ಆರ್‌ಸಿ ಕೇಳುತ್ತೇವೆ, ಮಗಳ ಮನಸ್ಸನ್ನು ಒಪ್ಪಿಸುವಾಗ ಆರ್‌ಸಿಐ ನಂಬರ್ ಕೇಳುವುದಿಲ್ಲ. ಪರಿಷತ್ತಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಮನೆಯ ಮಕ್ಕಳೇ ಮೊಬೈಲಿನಲ್ಲಿ ನೋಡಿ ಹೇಳಿಯಾರು.

ಇನ್ನು ಉಮ್ಮನ ಹೆದರಿಕೆ. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಸಂಬಂಧ ಮುರಿದದ್ದನ್ನು ನಾವೇ ಕಂಡಿದ್ದೇವೆ. ಆದರೆ ಅದೇ 2017ರ ಕಾಯ್ದೆಯ 23ನೇ ಕಲಂ ರೋಗಿಯ ವಿಷಯ ಗುಟ್ಟಾಗಿಡಬೇಕೆಂದು ಆಸ್ಪತ್ರೆಯನ್ನು ಕಟ್ಟಿಹಾಕಿದೆ. ಬೇಕಾದರೆ ಮೊದಲು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ಗಬ್ಬೂರಿನಿಂದ ಹೊರಡುವ ಬೈಪಾಸ್ ಧಾರವಾಡದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್. ಕೊನೆಗೆ ಉಪ್ಪ ಒಂದು ಬೆಳಿಗ್ಗೆ ಬೇಕರಿ ಮುಚ್ಚಿ, ಮಾತ್ರೆಯ ಪಟ್ಟಿಯನ್ನೂ ಜೇಬಿಗೆ ಹಾಕಿಕೊಂಡು, ಮಗಳನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ವೈದ್ಯರು ಪಟ್ಟಿ ನೋಡಿ, ಅದನ್ನು ಹೇಗೆ ಬಿಡಬೇಕೆಂದು ಬರೆದುಕೊಟ್ಟು, ಸೈಕಾಲಜಿಸ್ಟ್ ಬಳಿ ಕಳಿಸಿದರು. ಹುಡುಗಿ ಈಗ ರಾತ್ರಿ ಮಲಗುತ್ತಾಳೆ. ಪರೀಕ್ಷೆ ಈ ಸಲ ಬರೆಯುವುದೋ ಮುಂದಿನ ಸಲವೋ ಇನ್ನೂ ನಿಶ್ಚಯವಾಗಿಲ್ಲ.

ಖಾಲಿ ಪಟ್ಟಿಯನ್ನೂ ಆ ಚೀಟಿಯನ್ನೂ ಉಮ್ಮ ಬೀರುವಿನಲ್ಲಿ ಎತ್ತಿಟ್ಟಿದ್ದಾರೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬೇಕು ಅಂತ ಉಪ್ಪ, ಹೆಸರು ಹೊರಗೆ ಬರ್ತದೆ ಬೇಡ ಅಂತ ಉಮ್ಮ. ಆ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.