ಜಾಲತಾಣದ ಪ್ರಮಾಣಪತ್ರವೂ ಬ್ರೌಸರಿನ ಎಚ್ಚರಿಕೆಯೂ

ಬಿತ್ತನೆ ಬೀಜದ ಚೀಲಕ್ಕೆ ಕಟ್ಟಿರುವ ನೀಲಿ ಚೀಟಿಯನ್ನು ನೋಡದೆ ಜಾಣನಾದ ರೈತನು ಬೀಜವನ್ನು ಕೊಳ್ಳುವುದಿಲ್ಲ. ತಳಿಯ ಹೆಸರು, ಅವಧಿ, ದೃಢೀಕರಿಸಿದ ಸಂಸ್ಥೆ ಈ ಮೂರೂ ಅದರಲ್ಲಿ ತಿಳಿಯುವುವು. ಪಹಣಿ, ಬೆಳೆವಿಮೆ ಮುಂತಾದುವಕ್ಕಾಗಿ ತೆರೆಯುವ ಜಾಲತಾಣಗಳಿಗೂ ಇಂತಹುದೇ ಪ್ರಮಾಣಪತ್ರವುಂಟು. ಬ್ರೌಸರು ತಾಣದ ಹೆಸರನ್ನೂ, ಅವಧಿಯನ್ನೂ, ಪತ್ರವನ್ನು ಕೊಟ್ಟವರ ಸಹಿಯನ್ನೂ ಪರೀಕ್ಷಿಸಿ, ಒಂದು ಸರಿಹೋಗದಿದ್ದರೂ ಎಚ್ಚರಿಕೆಯನ್ನು ತೋರಿಸಿ ತಡೆಯುತ್ತದೆ. ಇದನ್ನು ಕಂಡು ಕೆಲವರು ಕೆಲಸವನ್ನೇ ಬಿಡುವರು. ಕೆಲವರು ಲಕ್ಷಿಸದೆ ಮುಂದುವರಿಯುವರು. ಎರಡೂ ತರವಲ್ಲ. ಕಾರಣವನ್ನು ಈ ಕ್ರಮದಲ್ಲಿ ಹುಡುಕತಕ್ಕದ್ದು.

1. ಗಡಿಯಾರ: ಕಂಪ್ಯೂಟರಿನೊಳಗಣ ಸಣ್ಣ ಬ್ಯಾಟರಿಯು ಸತ್ತರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುವುದು. ಆಗ ಸರಿಯಾದ ಪತ್ರವೂ ಇನ್ನೂ ಜಾರಿಗೆ ಬಾರದಂತೆ ಕಾಣುವುದು. ತಾರೀಖನ್ನೂ ವೇಳೆಯನ್ನೂ ಸರಿಪಡಿಸಿದರೆ ಸಾಕು.

2. ವಿಳಾಸ: ಒಂದಕ್ಷರ ತಪ್ಪಿದರೂ ತಾಣವೇ ಬೇರೆ. ಯಾರೋ ಕಳುಹಿಸಿದ ಕೊಂಡಿಯನ್ನು ಬಿಟ್ಟು, ವಿಳಾಸವನ್ನು ತಾನೇ ಬರೆದು ತೆರೆಯಬೇಕು.

3. ಸಂಪರ್ಕ: ನಿಲ್ದಾಣ, ವಸತಿಗೃಹಗಳ ವೈಫೈಯು ಮೊದಲು ತನ್ನ ಪುಟವನ್ನು ಮುಂದಿಡುವುದರಿಂದಲೂ ಎಚ್ಚರಿಕೆ ಬರಬಹುದು. ಸ್ವಂತ ಮೊಬೈಲಿನ ಸಂಪರ್ಕದಿಂದ ಪರೀಕ್ಷಿಸಬೇಕು.

4. ಹಳೆಯ ಸಾಧನ: 2021ನೆಯ ಸೆಪ್ಟೆಂಬರ್ 30ರಂದು ಬಹುವಾಗಿ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿಯು ಮುಗಿಯಲು, ನವೀಕರಿಸದಿದ್ದ ಅನೇಕ ಯಂತ್ರಗಳಲ್ಲಿ ನಿಜವಾದ ತಾಣಗಳೂ ತೆರೆಯದೆ ಹೋದುವು. ಬ್ರೌಸರನ್ನೂ ಸಾಧನದ ತಂತ್ರಾಂಶವನ್ನೂ ನವೀಕರಿಸುವುದೇ ಇದಕ್ಕೆ ಪರಿಹಾರವು.

5. ತಾಣದವರ ಲೋಪ: ಬೇರೆ ಫೋನಿನಲ್ಲಿ, ಬೇರೆ ಸಂಪರ್ಕದಲ್ಲಿಯೂ ಅವಧಿ ಮುಗಿದಿದೆಯೆಂದೇ ತೋರಿದರೆ ಪತ್ರವನ್ನು ನವೀಕರಿಸತಕ್ಕವರು ತಾಣದವರೇ. ಇದರಲ್ಲಿ ರೈತನು ಮಾಡತಕ್ಕದ್ದೇನೂ ಇಲ್ಲ. ವಿಮೆಯ ಕಡೆಯ ದಿನವು ಸಮೀಪಿಸಿದ್ದರೆ ಬ್ಯಾಂಕಿಗೆ ಹೋಗಿ ಅರ್ಜಿಯನ್ನು ಕೊಡುವುದು ಲೇಸು.

ಕಾರಣವು ತಿಳಿಯುವವರೆಗೆ “ಮುಂದುವರಿಯಿರಿ” ಎಂಬುದನ್ನು ಒತ್ತಿ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಒಟಿಪಿಗಳನ್ನು ಎಂದಿಗೂ ಬರೆಯಕೂಡದು. ನಡುವೆ ಕುಳಿತವನು ಅವನ್ನು ಓದಬಲ್ಲನು. ಎಚ್ಚರಿಕೆ ಬಾರದ ಮಾತ್ರಕ್ಕೆ ತಾಣವು ನಿಜವಾದುದೆಂದೂ ನಂಬಲಾಗದು. ಮೋಸಗಾರನೂ ತನ್ನ ತಾಣದ ಹೆಸರಿಗೆ ಪ್ರಮಾಣಪತ್ರವನ್ನು ಪಡೆಯಬಲ್ಲನಾದುದರಿಂದ ವಿಳಾಸವನ್ನು ಓದುವ ಅಭ್ಯಾಸವೇ ಮುಖ್ಯವು. ಹಣವು ಹೋದುದು ತಿಳಿದೊಡನೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು.