ದೀಪ ಕೊಳ್ಳುವಾಗ ಬುಡ ನೋಡಿ

ಮದುವೆ, ಗೃಹಪ್ರವೇಶ ಬಂತೆಂದರೆ ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಹೋಗಿ ಜೋಡಿದೀಪ ತರುತ್ತೀರಿ. ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಬಂಗಾರದಂತೆಯೇ ಕಾಣುತ್ತವೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ.

ನಾವು ಹಿತ್ತಾಳೆ ಎನ್ನುವುದು ತೆಲುಗಿನಲ್ಲಿ ಇತ್ತಡಿ. ತಾಮ್ರ ಮತ್ತು ಸತುವಿನ ಮಿಶ್ರಣ. ಅಂಗಡಿಯವರು ‘ರಾಗಿ ಚೆಂಬು’ ಎಂದರೆ ನಗಬೇಡಿ, ತೆಲುಗಿನಲ್ಲಿ ತಾಮ್ರಕ್ಕೂ ರಾಗಿ ಎಂದೇ ಹೆಸರು.

ಹೊಳಪಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಗಟ್ಟಿ ಹಿತ್ತಾಳೆಯನ್ನೇ ಉಜ್ಜಿ ಬರಿಸಿದ ಹೊಳಪು. ಇದು ಕಂದಿದರೂ ಹುಣಸೆಹಣ್ಣಿನ ಹುಳಿ ಕಿಲುಬನ್ನು ಕರಗಿಸುತ್ತದೆ, ಹೊಳಪು ಮರಳುತ್ತದೆ. ಎರಡನೆಯದು, ಕಬ್ಬಿಣ ಅಥವಾ ಇತರ ಅಗ್ಗದ ಲೋಹದ ಮೇಲೆ ವಿದ್ಯುತ್ತಿನಿಂದ ಕೂರಿಸಿದ ತೆಳು ಲೇಪ. ವಾರವಾರ ಉಜ್ಜಿದರೆ ಲೇಪ ಸವೆದು, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೂರನೆಯದು, ಹಿತ್ತಾಳೆಯ ಮೇಲೆ ಬಳಿದ ಪಾರದರ್ಶಕ ವಾರ್ನಿಷು. ಇದು ಷೋಕೇಸಿನ ಬೊಂಬೆಗೆ ಸರಿ. ದೀಪದ ಶಾಖಕ್ಕೆ ಕಪ್ಪಾಗಿ ಏಳುತ್ತದೆ. ಇದಕ್ಕೆ ಹುಣಸೆಹಣ್ಣು ಬೇಡ, ಮೆತ್ತನೆ ಬಟ್ಟೆ ಸಾಕು.

ಗುರುತಿಸುವುದು ಹೇಗೆ? ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಕಬ್ಬಿಣವಿದೆ. ಅಂಟದಿದ್ದರೂ ನಂಬಬೇಡಿ, ಅಲ್ಯುಮಿನಿಯಮ್ಮೂ ಅಂಟದು. ಕೈಯಲ್ಲಿ ತೂಗಿ ನೋಡಿ; ಅಷ್ಟೇ ಗಾತ್ರದ ಹಿತ್ತಾಳೆ ಅದಕ್ಕಿಂತ ಮೂರು ಪಟ್ಟು ಭಾರ. ಆಮೇಲೆ ಬುಡ ತಿರುಗಿಸಿ. ಗೀರಿದ ಕಡೆಯೂ ಹಳದಿಯಿದ್ದರೆ ಒಳಗೂ ಹಿತ್ತಾಳೆಯೇ.

ರಸೀದಿಯಲ್ಲಿ ‘ಗಟ್ಟಿ ಹಿತ್ತಾಳೆ’ ಎಂದೂ ತೂಕವನ್ನೂ ಬರೆಸಿಕೊಳ್ಳಿ. ಕಷ್ಟಕಾಲದಲ್ಲಿ ಮಾರಲು ಹೋದಾಗ ಬೆಲೆ ಬರುವುದು ತೂಕದ ಲೋಹಕ್ಕೆ, ಮೇಲಿನ ಹೊಳಪಿಗಲ್ಲ.